ಎರಡನೇ ರಾತ್ರಿಯ ಶಿಫ್ಟು

ಭದ್ರಾವತಿಯ ಓದುಗರೊಬ್ಬರು ಕೇಳಿದ್ದಾರೆ: ‘ಅಪ್ಪ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಶಿವಮೊಗ್ಗದಲ್ಲಿ ಆಪರೇಷನ್ ಚೆನ್ನಾಗಿಯೇ ಆಯಿತು. ಎರಡನೇ ರಾತ್ರಿ ನರ್ಸಮ್ಮನನ್ನು ಫೋರ್‌ಮನ್ ಎಂದುಕೊಂಡು, ಡ್ರಿಪ್ಪಿನ ಪುಟ್ಟ ಚಕ್ರ ತಿರುಗಿಸುತ್ತಾ ಪ್ರೆಶರ್ ಸಾಲದು ಎನ್ನತೊಡಗಿದರು. ಅನಸ್ತೇಸಿಯಾ ತಲೆಗೇರಿತೆ? ಬೆನ್ನಿಗೆ ಇಂಜೆಕ್ಷನ್ ಕೊಡಿಸಿದ್ದರೆ ಹೀಗಾಗುತ್ತಿರಲಿಲ್ಲವೆ?’

ಅಪ್ಪ ಊರಿನ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್‌ನಿಂದ ನಿವೃತ್ತರಾದವರೆಂದು ಬೇರೆ ಹೇಳಬೇಕಿರಲಿಲ್ಲ, ಆ ಕೈಗಳೇ ಹೇಳಿವೆ. ಡೆಲಿರಿಯಂ, ಅಂದರೆ ಸನ್ನಿ ಹಿಡಿದಾಗ ಎಷ್ಟೋ ಜನರ ಕೈ ಹಳೆಯ ಕೆಲಸಕ್ಕೆ ಮರಳುತ್ತದೆ. ಅಜ್ಜಿಯೊಬ್ಬರು ಆಸ್ಪತ್ರೆಯ ಮಂಚದ ಮೇಲೆ ಕೂತು, ಇಲ್ಲದ ಅಡಿಕೆಯನ್ನು ಇಲ್ಲದ ಕತ್ತಿಯಲ್ಲಿ ಸುಲಿದು, ಸಿಪ್ಪೆಯನ್ನು ಜೋಪಾನವಾಗಿ ಎಡಕ್ಕೆ ಹಾಕುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಇಂದು ಯಾವ ವಾರವೆಂದು ತಿಳಿಯದ ಮಿದುಳಿಗೆ ಬೆರಳುಗಳ ಪಾಠ ಮಾತ್ರ ಅಚ್ಚಳಿಯದೆ ನೆನಪಿತ್ತು! ಹಿಪ್ಪೊಕ್ರೆಟಿಸ್ ಹೆಸರಿನ ಪ್ರಾಚೀನ ಗ್ರೀಕ್ ಗ್ರಂಥದಲ್ಲೂ ಜ್ವರದ ರೋಗಿ ಗಾಳಿಯಲ್ಲಿ ಏನನ್ನೋ ಹಿಡಿಯುವ, ಹೊದಿಕೆಯ ನೂಲು ಕೀಳುವ ವರ್ಣನೆಯಿದೆ. ಈಥರಿನ ಅನಸ್ತೇಸಿಯಾ ಜಗತ್ತಿಗೆ ಗೊತ್ತಾದದ್ದು 1846ರಲ್ಲಿ. ಅಲ್ಲಿಯವರೆಗಿನ ಸನ್ನಿಗೆ ಯಾರನ್ನು ದೂರೋಣ?

ಬೆನ್ನಿನ ಇಂಜೆಕ್ಷನ್ ವಿಷಯವೂ ಅಷ್ಟೇ. ಅಮೆರಿಕ ಮತ್ತು ಕೆನಡಾದಲ್ಲಿ ಸೊಂಟ ಮುರಿದ 1,600 ರೋಗಿಗಳ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಪೂರ್ತಿ ಪ್ರಜ್ಞೆ ತಪ್ಪಿಸಿದವರಲ್ಲೂ ಬೆನ್ನಿಗೆ ಚುಚ್ಚಿಸಿಕೊಂಡವರಲ್ಲೂ ಹೆಚ್ಚುಕಡಿಮೆ ಐವರಲ್ಲೊಬ್ಬರಿಗೆ ಸನ್ನಿ ಕಾಣಿಸಿತ್ತು. ಔಷಧ ಪೂರ್ತಿ ನಿರಪರಾಧಿ ಎನ್ನಲಾರೆ. ಆದರೆ ಮೂಳೆಯ ಗಾಯದಿಂದ ರಕ್ತಕ್ಕಿಳಿಯುವ ಉರಿಯೂತದ ರಾಸಾಯನಿಕಗಳು, ನೋವು, ಸೋಂಕು, ನೀರಿನ ಕೊರತೆ, ಕೆಟ್ಟ ನಿದ್ದೆ ಎಲ್ಲ ಸೇರಿ ವಯಸ್ಸಾದ ಮಿದುಳನ್ನು ಕಂಗೆಡಿಸುತ್ತವೆ.

ಇಂಥ ಹೊತ್ತಿನಲ್ಲಿ ‘ಗಾಳಿ ಸೋಕಿದೆ’ ಎಂದು ತಾಯಿತ ಹಿಡಿದು ವಾರ್ಡಿಗೆ ಬರುವ ನೆಂಟರನ್ನು ದಯವಿಟ್ಟು ಬಾಗಿಲಲ್ಲೇ ತಡೆಯಿರಿ. ಕಟ್ಟಲೇಬೇಕೆಂದಿದ್ದರೆ ಕೈಗೆ ಗಡಿಯಾರ ಕಟ್ಟಿ! ಮನೆಯಲ್ಲೇ ಉಳಿದ ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಯಂತ್ರ ತಂದುಕೊಡಿ. 1999ರಲ್ಲಿ ಅಮೆರಿಕದ ವೈದ್ಯೆ ಶರನ್ ಇನೂಯೆ ತಂಡ ಪ್ರಕಟಿಸಿದ ಅಧ್ಯಯನದಲ್ಲಿ, 70 ದಾಟಿದ ಒಳರೋಗಿಗಳಿಗೆ ಇಂಥ ಸಣ್ಣಪುಟ್ಟ ಉಪಚಾರದಿಂದಲೇ ಸನ್ನಿಯ ಪ್ರಮಾಣ ಶೇ 15ರಿಂದ 9.9ಕ್ಕೆ ಇಳಿದಿತ್ತು. ಅವರು ಆಪರೇಷನ್ ಆದವರಲ್ಲ, ನಿಜ; ಆದರೂ ಕನ್ನಡಕಕ್ಕೆ ಅಡ್ಡಪರಿಣಾಮವಿಲ್ಲವಲ್ಲ.

ಕೂಗಾಡುವವರು ಹೇಗೂ ಕಣ್ಣಿಗೆ ಬೀಳುತ್ತಾರೆ. ಮಂಕಾಗಿ ಗೋಡೆ ನೋಡುತ್ತಾ ಮಲಗಿದವರಿಗೂ ಸನ್ನಿ ಇರಬಹುದು. ‘ಪಾಪ, ಸುಸ್ತಾಗಿದ್ದಾರೆ’ ಎಂದು ಬಿಟ್ಟುಬಿಡುವುದೇ ಹೆಚ್ಚು.

ನಿಮ್ಮ ತಂದೆಯವರಂಥ ಬಹುತೇಕರು ಕೆಲವು ದಿನ, ವಾರಗಳಲ್ಲಿ ತಿಳಿಯಾಗುತ್ತಾರೆ. ಕೆಲವರ ಮರೆವು ತಿಂಗಳುಗಟ್ಟಲೆ ಎಳೆಯುತ್ತದೆ, ಮೊದಲೇ ಒಳಗಿದ್ದ ಡಿಮೆನ್ಷಿಯಾ ಹೊರಬೀಳುವುದೂ ಉಂಟು. ಹಾಗಾದರೆ ನರರೋಗ ತಜ್ಞರಿಗೆ ತೋರಿಸಿ. ಇನ್ನೊಮ್ಮೆ ಆಪರೇಷನ್ ಬಂದರೆ ನಿದ್ದೆ ಮಾತ್ರೆ, ನೆಗಡಿ ಮಾತ್ರೆ, ರಾತ್ರಿಯ ಪೆಗ್ಗು ಯಾವುದನ್ನೂ ಅನಸ್ತೇಸಿಯಾ ಡಾಕ್ಟರಿಗೆ ಮುಚ್ಚಿಡಬೇಡಿ. ದಿನವೂ ಕುಡಿಯುವವರಿಗೆ ಅದು ಒಮ್ಮೆಲೇ ನಿಂತರೆ ಆ ಕಾರಣಕ್ಕೇ ಸನ್ನಿ ಬರಬಹುದು.