ಹಾಡಿನೊಳಗೆ ನುಗ್ಗುವ ಎಂಜಿನ್ ಸಿಳ್ಳೆ

ಬೇರಿಕೆ, ಬಾಗಲೂರು, ಶೂಲಗಿರಿಗಳ ಸುತ್ತಿನ ಹೂವು ತರಕಾರಿಗಳನ್ನು ಹೊಸೂರಿಗೆ ಸಾಗಿಸುವ ಪಿಕಪ್ ಗಾಡಿಗಳಿರಲಿ, ಹೊಸೂರಿನ ಕಾರ್ಖಾನೆಗಳಿಗೆ ದಿನಾ ಹೋಗಿಬರುವವರ ಕಾರುಗಳಿರಲಿ, ಹೊರಗಡೆ ಸೆಟ್ಟು, ಆಂಪ್ಲಿಫೈಯರು, ಊಫರುಗಳನ್ನು ಕೂಡಿಸಿಕೊಂಡ ವಾಹನಗಳಲ್ಲಿ ಒಂದು ತೊಂದರೆ ಆಗಾಗ ತಲೆದೋರುತ್ತಿರುತ್ತದೆ: ಎಂಜಿನ್ ಚಾಲೂ ಆದೊಡನೆ ಸ್ಪೀಕರಿನಿಂದ ಸಣ್ಣ ಸಿಳ್ಳೆಯಂಥ ಸದ್ದು ಹೊರಟು, ಆಕ್ಸಿಲರೇಟರ್ ಒತ್ತಿದಂತೆಲ್ಲ ಏರುತ್ತದೆ, ಕಾಲು ತೆಗೆದರೆ ಇಳಿಯುತ್ತದೆ. ಇದಕ್ಕೆ ಸ್ಪೀಕರನ್ನು ದೂರಿ ಹೊಸದನ್ನು ಕೊಳ್ಳುವವರಿದ್ದಾರೆ. ಆದರೆ ಎಂಜಿನ್ನಿನೊಡನೆ ಏರಿಳಿಯುವ ಸದ್ದು ಸ್ಪೀಕರಿನಲ್ಲಿ ಹುಟ್ಟುವಂಥದ್ದೇ ಅಲ್ಲ.

ಅದು ಹುಟ್ಟುವುದು ಆಲ್ಟರ್ನೇಟರಿನಲ್ಲಿ, ಅಂದರೆ ಮೆಕ್ಯಾನಿಕ್ಕುಗಳು ಇಂದಿಗೂ ಹಳೆಯ ರೂಢಿಯಂತೆ ಡೈನಮೋ ಎನ್ನುವ, ಬೆಲ್ಟಿನಿಂದ ತಿರುಗಿ ಬ್ಯಾಟರಿಯನ್ನು ಚಾರ್ಜ್ ಮಾಡುವ ಯಂತ್ರದಲ್ಲಿ. ಅದು ಉತ್ಪಾದಿಸುವುದು ದಿಕ್ಕು ಬದಲಿಸುತ್ತಿರುವ ಮೂರು ಫೇಸಿನ ವಿದ್ಯುತ್ತನ್ನು. ಒಂದೇ ದಿಕ್ಕಿಗೆ ಮಾತ್ರ ಕರೆಂಟು ಬಿಡುವ ಡಯೋಡ್‌ಗಳೆಂಬ ಆರು ಬಿಡಿಭಾಗಗಳು ಅದನ್ನು ನೇರಗೊಳಿಸುತ್ತವೆಯಾದರೂ ಅದು ಪೂರಾ ಸಮತಟ್ಟಾಗದೆ, ಮೇಲ್ಮೈಯಲ್ಲಿ ಸಣ್ಣ ಅಲೆಗಳು ಉಳಿದೇ ಉಳಿಯುತ್ತವೆ. ಆರು ಜೋಡಿ ಧ್ರುವಗಳ ಆಲ್ಟರ್ನೇಟರು ಎಂಜಿನ್ನಿನ ಎರಡೂವರೆ ಪಟ್ಟು ವೇಗದಲ್ಲಿ ತಿರುಗುತ್ತದೆಂದು ಇಟ್ಟುಕೊಂಡರೆ, 800 ಆರ್‌ಪಿಎಮ್‌ನ ಐಡ್ಲಿಂಗಿನಲ್ಲಿ ಸೆಕೆಂಡಿಗೆ 1,200 ಅಲೆಗಳೂ, 2,400 ಆರ್‌ಪಿಎಮ್‌ಗೆ ಬಂದಾಗ 3,600 ಅಲೆಗಳೂ ಏಳುತ್ತವೆ. ಮನುಷ್ಯನ ಕಿವಿ ಅತಿ ಚುರುಕಾಗಿರುವುದು ಸುಮಾರು 2,000ದಿಂದ 4,000 ಹರ್ಟ್ಸ್‌ಗಳ ನಡುವೆಯೇ ಆದ್ದರಿಂದ, ವೋಲ್ಟಿನ ಸಾವಿರದಲ್ಲಿ ಕೆಲವೇ ಭಾಗದಷ್ಟು ಅಲೆ ನುಸುಳಿದರೂ ಹಾಡಿನ ನಡುವಿನ ಮೌನದಲ್ಲಿ ಅದು ಎದ್ದು ಕೇಳುತ್ತದೆ.

ಹಿಂದಿನ ಕಾರು ರೇಡಿಯೊಗಳನ್ನು ಕಾಡಿದ್ದು ಬೇರೊಂದು ಸದ್ದು. 1930ರಲ್ಲಿ ಷಿಕಾಗೊದ ಗ್ಯಾಲ್ವಿನ್ ಕಂಪನಿ ಮೊಟೊರೋಲಾ ಎಂಬ ಹೆಸರಿನ ರೇಡಿಯೊವನ್ನು ಕಾರಿಗೆ ಅಳವಡಿಸಿದಾಗ, ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಗಾಳಿಯಲ್ಲಿ ಹರಡುವ ರೇಡಿಯೊ ಅಲೆಗಳು ಆಂಟೆನಾದ ಮೂಲಕ ಒಳಬಂದು ಚಟಪಟಗುಟ್ಟುತ್ತಿದ್ದವು. ಅದನ್ನು ಅಡಗಿಸಲು ಹೆಣಗಿದವರಲ್ಲಿ ಒಬ್ಬರಾದ ಎಲ್ಮರ್ ವೇವರಿಂಗ್ ಮುಂದೆ ಅದೇ ಕಂಪನಿಯಲ್ಲಿ ಕಾರಿನ ಆಲ್ಟರ್ನೇಟರನ್ನು ರೂಪಿಸುವ ಕೆಲಸದಲ್ಲೂ ಮುಂದಾಳಾದರು, ಅಂದರೆ ಒಂದು ಸದ್ದನ್ನು ಓಡಿಸಿದವರೇ ಇನ್ನೊಂದು ಸದ್ದಿನ ತವರನ್ನು ಕಟ್ಟಿದಂತಾಯಿತು. ಇಂದಿಗೂ ಪೆಟ್ರೋಲ್ ಕಾರಿನಲ್ಲಿ ಬೆಂಗಳೂರು ಆಕಾಶವಾಣಿಯ 612 ಕಿಲೊಹರ್ಟ್ಸ್‌ನಂಥ ಮಧ್ಯಮ ತರಂಗದ ನಿಲಯವನ್ನು ಹಿಡಿದಾಗ ಟಿಕ್ ಟಿಕ್ ಸದ್ದು ಬಂದು, ಆಂಟೆನಾ ಕಳಚಿದೊಡನೆ ನಿಂತರೆ, ಪ್ಲಗ್ಗನ್ನೂ ಅದರ ವೈರನ್ನೂ ಶಂಕಿಸಬೇಕು. ಡೀಸೆಲ್ ಪಿಕಪ್ಪಿನಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲವಾದ್ದರಿಂದ ಅಲ್ಲಿ ಈ ಹುಡುಕಾಟ ದಂಡ.

ಸಿಳ್ಳೆ ಆಂಟೆನಾದಿಂದಲ್ಲ, ಹೆಚ್ಚಾಗಿ ಅರ್ತ್‌ನಿಂದ ಬರುತ್ತದೆ. ವಾಹನದ ಕಬ್ಬಿಣದ ಮೈಯನ್ನೇ ಬ್ಯಾಟರಿಯ ನೆಗೆಟಿವ್ ದಾರಿಯನ್ನಾಗಿ ಬಳಸುವುದರಿಂದ, ಎಲ್ಲಿ ಬೋಲ್ಟ್ ಬಿಗಿದರೂ ಅರ್ತ್ ಒಂದೇ ಎಂಬ ನಂಬಿಕೆ ಬೆಳೆದಿದೆ. ಈ ನಂಬಿಕೆಯೇ ಅರ್ಧ ತೊಂದರೆಗೆ ಕಾರಣ. ಡ್ಯಾಷ್‌ಬೋರ್ಡಿನ ಸೆಟ್ಟಿನ ಅರ್ತ್ ಒಂದೆಡೆ, ಹಿಂದಿನ ಸೀಟಿನ ಕೆಳಗಿನ ಆಂಪ್ಲಿಫೈಯರಿನ ಅರ್ತ್ ಇನ್ನೊಂದೆಡೆ ಇದ್ದು, ನಡುವಿನ ತಗಡಿನಲ್ಲೂ ಜೋಡಣೆಗಳಲ್ಲೂ ಓಮ್‌ನ ಸಾವಿರದಲ್ಲಿ ಒಂದು ಭಾಗದಷ್ಟು ಪ್ರತಿರೋಧವಿದ್ದರೂ ಸಾಕು, 30 ಆಂಪಿಯರ್ ಹರಿದಾಗ ಆ ಎರಡು ಜಾಗಗಳ ನಡುವೆ 30 ಮಿಲಿವೋಲ್ಟ್ ವ್ಯತ್ಯಾಸ ಮೂಡುತ್ತದೆ. ಸೆಟ್ಟಿನಿಂದ ಆಂಪ್ಲಿಫೈಯರಿಗೆ ಹಾಡು ಒಯ್ಯುವ ಆರ್‌ಸಿಎ ಕೇಬಲ್ಲಿನ ಹೊರಪದರವು ಇವೆರಡನ್ನೂ ಮತ್ತೆ ಜೋಡಿಸುವುದರಿಂದ ಒಂದು ಸುತ್ತು ಪೂರ್ಣವಾಗಿ, ಆ ವ್ಯತ್ಯಾಸದೊಳಗಿನ ಅಲೆಯ ಭಾಗವು ಹಾಡಿನ ಜೊತೆಗೇ ಆಂಪ್ಲಿಫೈಯರನ್ನು ಹೊಕ್ಕು ದೊಡ್ಡದಾಗುತ್ತದೆ. ಇದನ್ನೇ ಗ್ರೌಂಡ್ ಲೂಪ್ ಎನ್ನುತ್ತಾರೆ.

ಪತ್ತೆ ಹಚ್ಚಲು ಮೊದಲು ವಾಲ್ಯೂಮ್ ತಿರುಗಿಸಿ ನೋಡಬೇಕು: ಹಾಡಿನೊಡನೆ ಸಿಳ್ಳೆಯೂ ಹೆಚ್ಚು ಕಡಿಮೆಯಾದರೆ ಅದು ವಾಲ್ಯೂಮಿಗಿಂತ ಮುಂಚೆಯೇ ಸೇರಿಕೊಂಡಿದೆ, ಆಗದಿದ್ದರೆ ಆಮೇಲೆ. ನಂತರ ಸೆಟ್ಟನ್ನೂ ಆಂಪ್ಲಿಫೈಯರನ್ನೂ ಆಫ್ ಮಾಡಿ ಆಂಪ್ಲಿಫೈಯರಿನ ಕಡೆಯ ಆರ್‌ಸಿಎ ಪಿನ್ನುಗಳನ್ನು ಕಳಚಿ, ಆಂಪ್ಲಿಫೈಯರನ್ನು ಮತ್ತೆ ಆನ್ ಮಾಡಿದಾಗ ಸದ್ದು ನಿಂತಿದ್ದರೆ ದೋಷ ಸೆಟ್ಟಿನಲ್ಲಿ ಅಥವಾ ಕೇಬಲ್ಲಿನ ದಾರಿಯಲ್ಲಿದೆ, ನಿಲ್ಲದಿದ್ದರೆ ಆಂಪ್ಲಿಫೈಯರಿನ ಅರ್ತ್‌ನಲ್ಲೋ ಒಳಗೋ ಇದೆ. ಆನ್ ಇರುವಾಗಲೇ ಪಿನ್ ಎಳೆದರೆ ಕೆಲವು ಸೆಟ್ಟುಗಳಲ್ಲಿ ಹೊರಪದರದ ಅರ್ತ್‌ಗೆ ಇಟ್ಟ ಕೂದಲೆಳೆಯಂಥ ಫ್ಯೂಸ್ ಸುಟ್ಟು, ಇಲ್ಲದ ಸಿಳ್ಳೆ ಹೊಸದಾಗಿ ಹುಟ್ಟುತ್ತದೆ.

ಅರ್ತ್ ಹಾಕುವ ಕೆಲಸ ಹತ್ತು ನಿಮಿಷದ್ದಾದರೂ ಅವಸರದಲ್ಲಿ ಕೆಡುವುದು ಅದೇ. ಬಣ್ಣದ ಮೇಲೆ ಸ್ಕ್ರೂ ಬಿಗಿದರೆ ಕರೆಂಟು ಸ್ಕ್ರೂವಿನ ಎಳೆಗಳ ಮೂಲಕವಷ್ಟೇ ಹರಿಯುತ್ತದೆ. ಆದ್ದರಿಂದ ಮರಳುಕಾಗದದಿಂದ ಬಣ್ಣ, ಪ್ರೈಮರುಗಳನ್ನು ಉಜ್ಜಿ ಬಿಳಿ ಲೋಹ ಹೊಳೆಯುವಂತೆ ಮಾಡಿ, ರಿಂಗ್ ಲಗ್ಗನ್ನು ಹಲ್ಲಿನ ವಾಷರಿನೊಡನೆ ಬೋಲ್ಟಿನಿಂದ ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ಗ್ರೀಸ್ ಸವರಬೇಕು. ವೈರು ಅರ್ಧ ಮೀಟರಿಗಿಂತ ಉದ್ದವಿರದೆ, ಪಾಸಿಟಿವ್ ವೈರಿನಷ್ಟೇ ದಪ್ಪವಿರಬೇಕು. ಸೀಟ್ ಬೆಲ್ಟಿನ ಬೋಲ್ಟು ಕೈಗೆ ಸುಲಭವಾಗಿ ಸಿಗುತ್ತದೆಂದು ಅದನ್ನು ಬಿಚ್ಚುವುದು ಪ್ರಾಣದೊಡನೆ ಚೆಲ್ಲಾಟ. ಪವರ್ ವೈರು ಒಂದು ಮಗ್ಗುಲಿನಿಂದ, ಆರ್‌ಸಿಎ ಇನ್ನೊಂದು ಮಗ್ಗುಲಿನಿಂದ ಬರಲಿ.

ಆಂಪ್ಲಿಫೈಯರೇ ಇಲ್ಲದ ಗಾಡಿಗಳಲ್ಲಿ ಕಾರಣ ಹಲವು ಸಲ ಮೊಬೈಲು: ಸಿಗರೇಟ್ ಲೈಟರಿನ ಚಾರ್ಜರಿನಿಂದ ಅದಕ್ಕೆ ಒಂದು ಅರ್ತ್, ಆಕ್ಸ್ ವೈರಿನಿಂದ ಇನ್ನೊಂದು. ಚಾರ್ಜರ್ ಕಿತ್ತೊಡನೆ ಸಿಳ್ಳೆ ನಿಂತರೆ ಬ್ಲೂಟೂತ್ ಬಳಸಿದರಾಯಿತು, ಇಲ್ಲವೇ ಆಕ್ಸ್ ವೈರಿನ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿದರಾಯಿತು. ಅದರೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರು ಹಾಡನ್ನು ಕಾಂತಕ್ಷೇತ್ರದ ಮೂಲಕ ದಾಟಿಸಿ ತಾಮ್ರದ ಸಂಪರ್ಕವನ್ನು ತುಂಡರಿಸುತ್ತದೆ. ಅಗ್ಗದ ಐಸೊಲೇಟರುಗಳು ಬಾಸ್ ಸದ್ದನ್ನು ತುಸು ತಿಂದುಹಾಕುವುದರಿಂದ ಅರ್ತ್ ಸರಿಪಡಿಸದೆ ಮೊದಲಿಗೇ ಅದನ್ನು ಕೊಳ್ಳುವುದು ತರವಲ್ಲ.

ಇಷ್ಟೆಲ್ಲ ಆದಮೇಲೂ ಸಿಳ್ಳೆ ಹೋಗದಿದ್ದರೆ, ಅಥವಾ ವರ್ಷಗಟ್ಟಲೆ ಚೆನ್ನಾಗಿದ್ದ ಸೆಟ್ಟಿನಲ್ಲಿ ಇದ್ದಕ್ಕಿದ್ದಂತೆ ಶುರುವಾದರೆ, ಎಂಜಿನ್ ಓಡುತ್ತಿರುವಾಗ ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿಯ ಎರಡು ತುದಿಗಳಿಗೆ ಇಡಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಆ ಆರು ಡಯೋಡ್‌ಗಳಲ್ಲಿ ಒಂದು ಕೆಟ್ಟಿರುವ ಸಂಭವ ಹೆಚ್ಚು. ಆಗ ಗಾಡಿಯನ್ನು ಒಯ್ಯಬೇಕಾದದ್ದು ಸೆಟ್ ಅಂಗಡಿಗಲ್ಲ, ಡೈನಮೋ ರಿಪೇರಿಯವರ ಬಳಿಗೆ, ಅದೂ ಬ್ಯಾಟರಿ ಇಳಿದು ನಡುದಾರಿಯಲ್ಲಿ ಗಾಡಿ ನಿಲ್ಲುವ ಮುಂಚೆ.