ಶಿಲಾಶಾಸನ, ಯಂತ್ರ ಮತ್ತು ಅಧ್ಯಾಪಕ

ತರಗತಿಯಲ್ಲಿ ಹೊಸ ಯಂತ್ರೋಪಕರಣಗಳನ್ನು ಬಳಸಲು ಹಿಂಜರಿಯುವ ಅಧ್ಯಾಪಕರನ್ನು ಹಳೆಯ ಕಾಲದವರೆಂದು ಬದಿಗೆ ಸರಿಸುವುದು ಸುಲಭ. ಆದರೆ ಆ ಹಿಂಜರಿಕೆಗೆ ಕಾರಣಗಳುಂಟು. ಅವನ್ನು ಅರಿಯದೆ ನೀಡುವ ಪ್ರೋತ್ಸಾಹವು ಬರಿಯ ಉಪದೇಶವಾಗುತ್ತದೆ.

ಮೊದಲನೆಯ ಕಾರಣವು ಚರಿತ್ರೆಯಲ್ಲಿಯೇ ಇದೆ. ಶಾಲೆಗಳಲ್ಲಿ ಪುಸ್ತಕದ ಕಾಲ ಬೇಗನೆ ಮುಗಿದು ಚಲಚ್ಚಿತ್ರವೇ ಪಾಠ ಹೇಳುವುದೆಂದು ಅಮೆರಿಕದ ಥಾಮಸ್ ಎಡಿಸನ್ 1913ರಲ್ಲಿ ಸಾರಿದನು. ಪುಸ್ತಕವು ಇಂದಿಗೂ ಉಳಿದಿದೆ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಕರ್ನಾಟಕವೂ ಸೇರಿ ಆರು ರಾಜ್ಯಗಳ ಸುಮಾರು 2,400 ಗ್ರಾಮಗಳಿಗೆ ಉಪಗ್ರಹದ ಮೂಲಕ ದೂರದರ್ಶನ ಪಾಠಗಳು ಬಂದವು. ಎರವಲು ಪಡೆದಿದ್ದ ಆ ಅಮೆರಿಕದ ಉಪಗ್ರಹವು 1976ರಲ್ಲಿ ಹಿಂದೆ ಸರಿದೊಡನೆ ಪ್ರಯೋಗವೂ ಕೊನೆಗೊಂಡಿತು. ಯಂತ್ರಗಳು ಬಂದುಹೋಗುವುವೆಂದು ಹಿರಿಯರು ಭಾವಿಸಿದರೆ ಅದನ್ನು ಮೊಂಡುತನವೆನ್ನಲಾಗದು.

ಎರಡನೆಯದು ಮರ್ಯಾದೆಯ ಪ್ರಶ್ನೆ. ದಶಕಗಳ ಕಾಲ ಅಧಿಕಾರವಾಣಿಯಿಂದ ಪಾಠ ಹೇಳಿದವರು ವಿದ್ಯಾರ್ಥಿಗಳೆದುರು ಗುಂಡಿಗಳಿಗಾಗಿ ತಡಕಾಡಲು ಹೇಗೆ ಒಪ್ಪಿಯಾರು?

ಇದಕ್ಕೆ ಪರಿಹಾರವು ಪಾಠದ ತೊಡಕಿನಿಂದ ಹೊರಡಬೇಕೇ ಹೊರತು ಯಂತ್ರದಿಂದಲ್ಲ. ಶಾಸನಪಾಠವನ್ನೇ ನೋಡೋಣ. ಪಠ್ಯಪುಸ್ತಕದಲ್ಲಿ ಶಾಸನದ ಮುದ್ರಿತ ಸಾಲುಗಳಿರುತ್ತವೆ. ಕಲ್ಲು ಮಾತ್ರ ಕಾಣುವುದಿಲ್ಲ. ಕಲ್ಲಿನ ಮೇಲೆ ಒದ್ದೆ ಕಾಗದವನ್ನಿಟ್ಟು ತಟ್ಟಿ, ಮಸಿ ಹಚ್ಚಿ ಪಡಿಯಚ್ಚು ತೆಗೆಯುವ ವಿಧಾನವೂ ಒಂದು ಕಾಲಕ್ಕೆ ಹೊಸದೇ ಆಗಿದ್ದಿತು. ನಮ್ಮ ವಿದ್ವಾಂಸರು ಅದನ್ನು ಅಳುಕದೆ ಕೈಗೆತ್ತಿಕೊಂಡರು. ಅದರ ಮುಂದಿನ ಹೆಜ್ಜೆಯಾಗಿ ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಲ್ಲಿ ಆ ಪ್ರದೇಶದ ಶಾಸನಗಳ ಮೂರು ಆಯಾಮದ ಡಿಜಿಟಲ್ ಪ್ರತಿಗಳನ್ನು ಸಿದ್ಧಪಡಿಸುವ ಕಾರ್ಯವನ್ನಾರಂಭಿಸಿತು. ಇಂತಹ ಪ್ರತಿಯನ್ನು ಪರದೆಯ ಮೇಲೆ ಬೇಕಾದತ್ತ ತಿರುಗಿಸಬಹುದು. ಬೆಳಕನ್ನು ಪಕ್ಕದಿಂದ ಬೀಳಿಸಿದರೆ ಸವೆದ ಗೆರೆಗಳಲ್ಲಿ ನೆರಳು ತುಂಬಿ ಅಕ್ಷರಗಳು ಎದ್ದು ತೋರುತ್ತವೆ.

ತೋರುವುದಷ್ಟೇ ಯಂತ್ರದ ಕೆಲಸ. 2018ರಲ್ಲಿ ಹೆಬ್ಬಾಳದಲ್ಲಿ ದೊರೆತ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಎಂಟನೆಯ ಶತಮಾನದ್ದು. ಅದರಲ್ಲಿ ಪೆರ್ಬೊಳಲ್‌ನಾಡಿನ ಹೆಸರಿದೆ. ಆ ಹೆಸರಿನ ಪಕಾರವು ಮುಂದೆ ಹಕಾರವಾಗಿ ಇಂದಿನ ಹೆಬ್ಬಾಳದಲ್ಲಿ ಉಳಿದಿರುವುದನ್ನು, ಊರಿಗಾಗಿ ಮಡಿದವನಿಗೆ ಕಲ್ಲು ನಿಲ್ಲಿಸುತ್ತಿದ್ದ ಸಮಾಜದ ಮನಸ್ಸನ್ನು ತಿಳಿಸಬಲ್ಲವರು ಯಾರು? ಹಳಗನ್ನಡವನ್ನು ಓದಬಲ್ಲ ಅಧ್ಯಾಪಕರೇ ಅಲ್ಲವೆ? ಯಂತ್ರವನ್ನು ಬಲ್ಲ ತರುಣರಲ್ಲಿ ಅನೇಕರಿಗೆ ಲಿಪಿ ಬಾರದು. ಲಿಪಿಯನ್ನು ಬಲ್ಲ ಹಿರಿಯರಲ್ಲಿ ಅನೇಕರಿಗೆ ಯಂತ್ರ ಬೇಡ. ಇವರಿಬ್ಬರೂ ದೂರವುಳಿದರೆ ಕಲ್ಲು ಮೂಕವಾಗಿಯೇ ಉಳಿಯುವುದು.

ಆದುದರಿಂದ ನಮ್ಮ ಸಲಹೆ ಸರಳವಾದುದು. ವರ್ಷಕ್ಕೆ ಒಂದೇ ಪಾಠವನ್ನು ಆರಿಸಿಕೊಳ್ಳಲಿ. ಯಂತ್ರವನ್ನು ವಿದ್ಯಾರ್ಥಿಯೊಬ್ಬನು ನಡೆಸಲಿ, ಅಧ್ಯಾಪಕರು ಓದಿಸಲಿ. ಮೊದಲು ಸಹೋದ್ಯೋಗಿಗಳ ನಡುವೆ ಅದನ್ನು ಅಭ್ಯಾಸ ಮಾಡಲಿ. ವಿದ್ಯುತ್ತು ಕೈಕೊಟ್ಟರೆ ಪಾಠ ನಿಲ್ಲದಂತೆ ಪಡಿಯಚ್ಚಿನ ಚಿತ್ರವೊಂದು ಕೈಯಲ್ಲಿರಲಿ. ಅಧಿಕಾರಿಗಳು ಉಪಕರಣಗಳ ಲೆಕ್ಕ ಕೇಳುವುದಕ್ಕೆ ಬದಲಾಗಿ ಅಧ್ಯಾಪಕರಿಗೆ ಅಭ್ಯಾಸದ ಅವಕಾಶವನ್ನು ಕೊಡಲಿ.

ಹೀಗೆ ನಡೆದಲ್ಲಿ ಹಿರಿಯರ ಮರ್ಯಾದೆಗೆ ಕುಂದು ಬಾರದು. ತಮ್ಮ ವಿದ್ಯೆಯಿಲ್ಲದೆ ಯಂತ್ರವು ಮಾತನಾಡದೆಂಬುದು ಅವರಿಗೂ, ಅವರ ವಿದ್ಯಾರ್ಥಿಗಳಿಗೂ ಆಗ ಮನವರಿಕೆಯಾಗುವುದು.