ದಾಖಲೆಯ ಹೊರಗಿದ್ದ ದಾಂಡಿಗ

ಅಮೆರಿಕ ಸಂಯುಕ್ತ ಸಂಸ್ಥಾನದ ಜನಪ್ರಿಯ ಕ್ರೀಡೆಯಾದ ಬೇಸ್‌ಬಾಲಿನಲ್ಲಿ ಅಂಕಿ ಅಂಶಗಳಿಗೆ ಇರುವ ಗೌರವ ಅಸಾಧಾರಣವಾದುದು. ಶತಮಾನದ ಹಿಂದಿನ ಆಟಗಾರರ ಲೆಕ್ಕಗಳನ್ನೂ ಅಲ್ಲಿನ ಅಭಿಮಾನಿಗಳು ಬಾಯಿಪಾಠವಾಗಿ ಒಪ್ಪಿಸಬಲ್ಲರು. ಅಂಥ ಲೆಕ್ಕಗಳಲ್ಲಿ ಟೈ ಕಾಬ್ ಎಂಬಾತನ ಸರಾಸರಿ ಬಹುಕಾಲ ಅಗ್ರಸ್ಥಾನದಲ್ಲಿತ್ತು. 1905ರಿಂದ 1928ರವರೆಗೆ ಆಡಿದ ಆತನು, ದಾಂಡು ಹಿಡಿದು ನಿಂತ ಪ್ರತಿ ಸಾವಿರ ಸಲದಲ್ಲಿ 367 ಸಲ ಸಫಲವಾಗಿ ಹೊಡೆದಿದ್ದನು. 2024ರ ಮೇ ತಿಂಗಳಿನಲ್ಲಿ 372ರ ಸರಾಸರಿಯುಳ್ಳ ಇನ್ನೊಬ್ಬನ ಹೆಸರು ಅದರ ಮೇಲೆ ಬಂದಿತು. ಆ ಆಟಗಾರನು ತೀರಿಕೊಂಡು ಆಗಲೇ 77 ವರ್ಷಗಳು ಕಳೆದಿದ್ದವು!

ಆತನೇ ಜೋಶ್ ಗಿಬ್ಸನ್. 1911ರಲ್ಲಿ ಜಾರ್ಜಿಯಾ ಪ್ರಾಂತದ ಕಪ್ಪು ಜನಾಂಗದ ಕುಟುಂಬವೊಂದರಲ್ಲಿ ಆತನು ಜನಿಸಿದನು. ತಂದೆಗೆ ಪಿಟ್ಸ್‌ಬರ್ಗ್ ನಗರದ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ದೊರೆತುದರಿಂದ ಕುಟುಂಬವು ಅಲ್ಲಿಗೆ ಬಂದಿತು. ವಿಶಾಲವಾದ ಎದೆ, ಬಲಿಷ್ಠ ತೋಳುಗಳ ಈ ತರುಣನು 1930ರಲ್ಲಿ ಹೋಮ್‌ಸ್ಟೆಡ್ ಗ್ರೇಸ್ ತಂಡವನ್ನು ಸೇರಿದನು.

ಆ ಕಾಲದಲ್ಲಿ ದೇಶದ ಪ್ರಮುಖ ಲೀಗುಗಳಲ್ಲಿ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಹಾಗೆಂದು ಯಾವ ನಿಯಮದ ಪುಸ್ತಕದಲ್ಲಿಯೂ ಬರೆದಿರಲಿಲ್ಲ. ತಂಡಗಳ ಒಡೆಯರ ಮೌನಸಮ್ಮತಿಯೇ ಸುಮಾರು ಅರವತ್ತು ವರ್ಷಗಳ ಕಾಲ ನಿಯಮವಾಗಿ ನಡೆಯಿತು. ಬರೆದ ನಿಯಮವನ್ನಾದರೂ ಪ್ರಶ್ನಿಸಬಹುದು, ಬರೆಯದಿದ್ದುದನ್ನು ಯಾರ ಮುಂದೆ ಪ್ರಶ್ನಿಸುವುದು? ಹೊರಗುಳಿದವರು 1920ರಲ್ಲಿ ತಮ್ಮದೇ ಆದ ಲೀಗನ್ನು ಕಟ್ಟಿಕೊಂಡರು. ಲೀಗಿನ ಪಂದ್ಯಗಳ ಆದಾಯ ಸಾಲದು. ಆದುದರಿಂದ ತಂಡಗಳು ಬಸ್ಸಿನಲ್ಲಿ ಊರೂರು ತಿರುಗಿ, ಎದುರಾದವರೊಡನೆಲ್ಲ ಆಡುತ್ತಿದ್ದವು. ಅನೇಕ ಊರುಗಳಲ್ಲಿ ಹೋಟೆಲುಗಳು ಅವರಿಗೆ ಬಾಗಿಲು ತೆರೆಯದಿದ್ದುದರಿಂದ ಬಸ್ಸೇ ಮಲಗುವ ಮನೆಯಾಗುತ್ತಿತ್ತು. ವಾಷಿಂಗ್ಟನ್ನಿನ ಗ್ರಿಫಿತ್ ಕ್ರೀಡಾಂಗಣದಲ್ಲಿ ಬಿಳಿಯರ ತಂಡವು ಪರಸ್ಥಳಕ್ಕೆ ಹೋದ ದಿನಗಳಲ್ಲಿ ಗಿಬ್ಸನ್ನನ ತಂಡ ಬಾಡಿಗೆ ಕೊಟ್ಟು ಆಡುತ್ತಿತ್ತು. ಅದೇ ನೆಲ, ಅದೇ ಬೇಲಿ. ಆದರೆ ಆ ಬೇಲಿಯಾಚೆಗೆ ಆತನು ಹೊಡೆದಟ್ಟಿದ ಚೆಂಡುಗಳು ದೇಶದ ಲೆಕ್ಕಕ್ಕೆ ಬರಲಿಲ್ಲ.

ಚೆಂಡನ್ನು ಹೀಗೆ ಬೇಲಿ ದಾಟಿಸುವುದಕ್ಕೆ ಹೋಂ ರನ್ ಎನ್ನುತ್ತಾರೆ. ಕ್ರಿಕೆಟ್ಟಿನ ಸಿಕ್ಸರಿಗೆ ಹತ್ತಿರವಾದುದು. ಗಿಬ್ಸನ್ನನು ಸುಮಾರು 800 ಹೋಂ ರನ್‌ಗಳನ್ನು ಹೊಡೆದನೆಂದು ಬೇಸ್‌ಬಾಲ್ ಕೀರ್ತಿಭವನದ ಫಲಕ ಹೇಳುತ್ತದೆ. ಅಧಿಕೃತ ಪಟ್ಟಿಯಲ್ಲಿರುವುದು 200ಕ್ಕೂ ಕಡಮೆ. ಉಳಿದವು ಊರೂರು ತಿರುಗುವಾಗಿನ ಪಂದ್ಯಗಳವು. ಅವುಗಳಲ್ಲಿ ಅನೇಕವನ್ನು ಬರೆದಿಟ್ಟವರಿಲ್ಲ.

ಆತನ ಸಮಕಾಲೀನನಾದ ಎಸೆತಗಾರ ಸ್ಯಾಚೆಲ್ ಪೇಜ್‌ನ ಭಾಗ್ಯ ಬೇರೆಯಾಗಿತ್ತು. ಎಸೆತಗಾರರು ಸಾಮಾನ್ಯವಾಗಿ ನಿವೃತ್ತರಾಗಿರುವ 42ರ ವಯಸ್ಸಿನಲ್ಲಿ, 1948ರಲ್ಲಿ, ಪೇಜ್ ಕ್ಲೀವ್‌ಲೆಂಡ್ ತಂಡದ ಮೂಲಕ ಪ್ರಮುಖ ಲೀಗನ್ನು ಪ್ರವೇಶಿಸಿದನು. ಹಿಂದಿನ ವರ್ಷ, 1947ರ ಏಪ್ರಿಲ್ 15ರಂದು, ಬ್ರೂಕ್ಲಿನ್ ತಂಡದ ಪರವಾಗಿ ಕಣಕ್ಕಿಳಿದ ಜಾಕಿ ರಾಬಿನ್ಸನ್ ಆ ಬಾಗಿಲನ್ನು ತೆರೆದಿದ್ದನು. ಬೈಗುಳಗಳ ಸುರಿಮಳೆಯ ನಡುವೆಯೂ ರಾಬಿನ್ಸನ್ ಆ ವರ್ಷದ ಶ್ರೇಷ್ಠ ಹೊಸ ಆಟಗಾರನೆನಿಸಿದನು. ಆದರೆ ಮೆದುಳಿನ ಗಡ್ಡೆಯಿಂದ ನರಳುತ್ತಿದ್ದ ಗಿಬ್ಸನ್ 1947ರ ಜನವರಿ 20ರಂದೇ, ತನ್ನ 35ನೆಯ ವಯಸ್ಸಿನಲ್ಲಿ, ಅಸುನೀಗಿದ್ದನು. ಬಾಗಿಲು ತೆರೆಯಲು ಇನ್ನು ಮೂರು ತಿಂಗಳೂ ಉಳಿದಿರಲಿಲ್ಲ.

ಹಳೆಯ ಪತ್ರಿಕೆಗಳನ್ನು, ಮುಖ್ಯವಾಗಿ ಕಪ್ಪು ಜನರೇ ನಡೆಸುತ್ತಿದ್ದ ಪತ್ರಿಕೆಗಳನ್ನು, ಸಂಶೋಧಕರು ಹಾಳೆಹಾಳೆಯಾಗಿ ಶೋಧಿಸಿ ಆ ಲೀಗುಗಳ ಪಂದ್ಯಗಳ ಲೆಕ್ಕವನ್ನು ಕೂಡಿಸಿದರು. 2020ರಲ್ಲಿ ಆ ಲೀಗುಗಳಿಗೆ ಪ್ರಮುಖ ಲೀಗಿನ ಮಾನ್ಯತೆ ದೊರೆತು, 2024ರಲ್ಲಿ ಲೆಕ್ಕಗಳು ಒಂದಾದವು. ಕಾಬ್ ಆಡಿದ ಪಂದ್ಯಗಳು 3000ಕ್ಕೂ ಮಿಕ್ಕಿವೆ, ಗಿಬ್ಸನ್ನನ ದಾಖಲಾದ ಪಂದ್ಯಗಳು ಅದರ ಕಾಲುಭಾಗವೂ ಇಲ್ಲ. ಈ ಹೋಲಿಕೆ ಸರಿಯೇ ಎಂದು ಆಕ್ಷೇಪಿಸುವವರುಂಟು. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಪಂದ್ಯಗಳು ಕಡಮೆಯಾದದ್ದು ಗಿಬ್ಸನ್ನನ ದೋಷದಿಂದಲ್ಲವಷ್ಟೆ.

1972ರಲ್ಲಿ ಆತನ ಹೆಸರು ಕೀರ್ತಿಭವನವನ್ನು ಸೇರಿತು. ಅಂದಿಗೂ ಪಿಟ್ಸ್‌ಬರ್ಗಿನಲ್ಲಿ ಆತನ ಸಮಾಧಿಯ ಮೇಲೆ ಗುರುತಿನ ಕಲ್ಲೊಂದೂ ಇರಲಿಲ್ಲ. 1975ರಲ್ಲಿ ಕಲ್ಲನ್ನು ಇರಿಸಲಾಯಿತು. ಹೆಸರು, ಹುಟ್ಟಿದ ಮತ್ತು ಸತ್ತ ವರ್ಷಗಳು, ಅವುಗಳ ಕೆಳಗೆ ಬೇಸ್‌ಬಾಲಿನ ದಂತಕಥೆಯಾದ ಆಟಗಾರನೆಂಬ ಒಂದು ಸಾಲು: ಅದರ ಮೇಲಿರುವುದು ಇಷ್ಟೇ.